ಬಿಕಾಜಾನಳ ಸೈಕಲ್ ಹ್ಯಾಂಡಲ್

ಖೀವಾ ಪಟ್ಟಣದ ಆಚೆ, ಕಾಲುವೆ ದಂಡೆಯ ಹಳ್ಳಿಗಳಿಗೆಲ್ಲ ಸೂಜಿ ಹಾಕುವವಳು ಬಿಕಾಜಾನ್ ಒಬ್ಬಳೇ. ಐವತ್ತು ದಾಟಿದ ಹೆಂಗಸು. ಔಷಧಿ ಚೀಲವನ್ನು ಹಿಂದಿನ ಕ್ಯಾರಿಯರ್‌ಗೆ ಬಿಗಿದು, ಗಂಡನ ಹಳೆಯ ಕರಿ ಸೈಕಲ್ ಹತ್ತಿ ಬೆಳಿಗ್ಗೆ ಹೊರಟರೆ ಹೊತ್ತು ಇಳಿದ ಮೇಲೆಯೇ ಮನೆ. ಗಂಡ ಮತ್ಚಾನ್ ಕಾಲುವೆಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದವನು. ಮೋಟಾರು ಎತ್ತುವಾಗ ಸೊಂಟ ಹಿಡಿದುಕೊಂಡಿತು. ಅಂದಿನಿಂದ ಅಂಗಳದ ಮಂಚವೇ ಅವನ ಜಾಗ.

ಆ ಸೈಕಲ್ಲಿನ ಹ್ಯಾಂಡಲ್ ತೀರ ತಗ್ಗು. ಬಗ್ಗಿ ತುಳಿದು ತುಳಿದು ಅವಳ ಕತ್ತು ಮರಗಟ್ಟುತ್ತಿತ್ತು. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಸಂಜೆಗೆ ಬೆರಳು ಜೋಮು ಹಿಡಿಯುತ್ತಿತ್ತು. ಒಂದು ಸಂಜೆ ರೊಟ್ಟಿ ಮುರಿಯಲು ಹೋದವಳು ಕೈಯಲ್ಲಿ ಹಿಡಿತವೇ ಇಲ್ಲದೆ ಅದನ್ನು ಹಾಗೆಯೇ ಕೆಳಗಿಟ್ಟಳು. ಮತ್ಚಾನ್ ನೋಡಿದ. ತಾನೇ ಮುರಿದು ಅವಳ ಮುಂದಿಟ್ಟ.

ಮರುದಿನ ಅವಳು ಹಾಲು ಕರೆಯಲು ಹೋದಾಗ ಅವನು ಸೊಂಟ ಹಿಡಿದುಕೊಂಡೇ ಎದ್ದು ಪಾನಾ ಹುಡುಕಿದ. ಹ್ಯಾಂಡಲ್ ಕುತ್ತಿಗೆಯ ಮೇಲಿನ ಬೋಲ್ಟು ಸಡಿಲಿಸಿ, ಅದರ ತಲೆಗೆ ಸುತ್ತಿಗೆಯಿಂದ ಎರಡೇಟು ಕೊಟ್ಟಾಗ ಒಳಗಿನ ಬೆಣೆ ಜಾರಿತು. ಹ್ಯಾಂಡಲನ್ನು ಮೇಲಕ್ಕೆಳೆದ. ಬಂದಷ್ಟೂ ಎಳೆದ. ಮತ್ತೆ ಬಿಗಿದು ಮಂಚಕ್ಕೆ ಹಿಂತಿರುಗಿದ.

ಬಿಕಾಜಾನಳಿಗೆ ತಿಳಿದದ್ದು ಹತ್ತಿ ಕೂತ ಮೇಲೆ. ಬೆನ್ನು ನೆಟ್ಟಗಿತ್ತು. ಹತ್ತಿ ಹೊಲ ಕೊನೆಯತನಕ ಕಾಣುತ್ತಿತ್ತು. ಹಿಂತಿರುಗಿ ನೋಡಿದಳು, ಗಂಡ ನಿದ್ದೆ ಬಂದವನಂತೆ ಮುಖ ತಿರುಗಿಸಿ ಮಲಗಿದ್ದ.

ಕಾಲುವೆ ಸೇತುವೆಯ ಏರಿನಲ್ಲಿ ಎದ್ದು ನಿಂತು ತುಳಿಯುತ್ತ ಹ್ಯಾಂಡಲನ್ನು ಜಗ್ಗಿದಳು. ಅದು ಬುಡಸಹಿತ ಕೈಗೆ ಬಂತು. ಮುಂದಿನ ಚಕ್ರ ತನ್ನ ಪಾಡಿಗೆ ತಿರುಗಿಕೊಂಡಿತು, ಅವಳು ಜೊಂಡಿನೊಳಗೆ ಉರುಳಿದಳು. ಎಡ ಮಣಿಕಟ್ಟು ಉಳುಕಿತು, ಮೊಣಕಾಲ ಚರ್ಮ ಕಿತ್ತುಹೋಯಿತು, ಚೀಲದಲ್ಲಿ ಔಷಧಿಯ ಸೀಸೆಗಳು ಒಡೆದವು. ಸೇತುವೆಯ ಆಚೆ ಸೂಜಿಗಾಗಿ ಕಾಯುತ್ತಿದ್ದ ಮುದುಕಿ ಜುಮಾಗುಲಳೇ ಬಂದು ತನ್ನ ತಲೆವಸ್ತ್ರ ಹರಿದು ಅವಳ ಕೈ ಕಟ್ಟಿದಳು.

ಸೈಕಲ್ ತಳ್ಳಿಕೊಂಡು ಮನೆ ಸೇರುವಾಗ ಮಧ್ಯಾಹ್ನ ದಾಟಿತ್ತು. ಕೇಳಿದ ನೆರೆಯವರಿಗೆಲ್ಲ ನಾಯಿ ಅಡ್ಡ ಬಂತು ಎಂದಳು. ಮತ್ಚಾನನ ಮುಂದೆ ಆ ಸುಳ್ಳು ನಡೆಯುವಂತಿರಲಿಲ್ಲ. ಕಿತ್ತು ಬಂದ ಹ್ಯಾಂಡಲ್ ಕುತ್ತಿಗೆಯನ್ನು ನೋಡುತ್ತಲೇ ಅವನ ಮುಖ ಬಿಳಿಚಿತು. ಸೈಕಲನ್ನು ಕಾಲುವೆಗೆ ಎಸೆಯುತ್ತೇನೆಂದ. ತಾನು ಯಾತಕ್ಕೂ ಬಾರದವನೆಂದ. ಚಹಾ ಮುಟ್ಟಲಿಲ್ಲ.

ಬಿಕಾಜಾನ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

"ನಂಗೆ ಸುಸ್ತಾಗಿದೆ ಕಣ್ರೀ," ಎಂದಳು. "ಬಿದ್ದಿದ್ದೂ ನಾನೇ, ನಿಮ್ಮನ್ನ ಸಮಾಧಾನ ಮಾಡೋಳೂ ನಾನೇನಾ? ಅಷ್ಟು ತ್ರಾಣ ಇಲ್ಲ ನಂಗೆ. ಅಳೋದಾದ್ರೆ ನಾಳೆ ಅಳ್ರಿ. ಈಗ ಚಹಾ ಕುಡೀರಿ."

ಅವನು ಕುಡಿದ. ಲೋಟ ಕೆಳಗಿಟ್ಟು, "ಜಾಸ್ತಿ ಮೇಲಾದಷ್ಟೂ ನಿಂಗೆ ಆರಾಮಾಗತ್ತೆ ಅಂದ್ಕೊಂಡೆ," ಎಂದ.

"ಗೊತ್ತು."

ಮರುದಿನ ಇಬ್ಬರೂ ಸೈಕಲ್ ಮುಂದೆ ಕೂತರು. ಅವಳಿಗೆ ಒಂದು ಕೈಯಿಲ್ಲ, ಅವನಿಗೆ ಸೊಂಟವಿಲ್ಲ. ಇಬ್ಬರೂ ಸೇರಿದರೆ ಒಂದಾಳು ಎಂದು ಅವಳು ಅಂದಾಗ ಅವನಿಗೆ ನಗು ಬಂದು, ನಕ್ಕದ್ದಕ್ಕೆ ಸೊಂಟ ಹಿಡಿಯಿತು. ಸೀಮೆಎಣ್ಣೆಯಲ್ಲಿ ತುಕ್ಕು ಒರೆಸಿದಾಗ ಕುತ್ತಿಗೆಯ ಸುತ್ತ ಸಣ್ಣ ಗೀರುಗಳ ಸಾಲು ಕಾಣಿಸಿತು. ಆ ಗೀರು ಸೈಕಲ್ಲಿನ ಮುಂದಿನ ಕೊಳವೆಯೊಳಗೇ ಮುಚ್ಚಿರಬೇಕು, ಹೊರಗೆ ಕಂಡರೆ ಹಿಡಿತ ಸಾಲದು. ಹಿಂದಿನ ದಿನ ಅದನ್ನು ಕಂಡೂ ತುಕ್ಕೆಂದು ಬಿಟ್ಟಿದ್ದನೆಂದು ಮತ್ಚಾನ್ ಮೆಲ್ಲಗೆ ಹೇಳಿದ.

ಗೀರು ಮುಚ್ಚುವಷ್ಟು ಇಳಿಸಿದರೆ ಹ್ಯಾಂಡಲ್ ಮೊದಲಿಗಿಂತ ಏರುವುದು ಎರಡೇ ಬೆರಳು. ಅದು ಸಾಲುತ್ತಿರಲಿಲ್ಲ. ಆಗ ಬಿಕಾಜಾನ್ ಕೊಟ್ಟಿಗೆಯಿಂದ ನಾದಿನಿಯ ಮುರುಕು ಸೈಕಲ್ ಎಳೆತಂದಳು. ಅದರ ಹ್ಯಾಂಡಲ್ ಟಗರಿನ ಕೊಂಬಿನಂತೆ ಮೇಲಕ್ಕೆ ಬಾಗಿತ್ತು. ಅಳತೆ ಒಂದೇ ಇದ್ದುದರಿಂದ ಅದನ್ನೇ ಕೂರಿಸಿದರು. ಆದರೆ ಬ್ರೇಕಿನ ತಂತಿ ಗಿಡ್ಡವಾಗಿ, ಹ್ಯಾಂಡಲ್ ತಿರುಗಿಸಿದಾಗ ಸೆಟೆಯುತ್ತಿತ್ತು. ಉದ್ದದ್ದು ಸಂತೆಯಿಂದ ಬರುವವರೆಗೆ ಸೈಕಲ್ ಹೊರಡಬಾರದೆಂದು ಅವನು ಹಟ ಹಿಡಿದ. ಅವಳು ನಡೆದೇ ಸುತ್ತಿದಳು.

ತಂತಿ ಬಂತು. ಅವಳು ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಅದುಮಿ ಹಿಡಿದಳು, ಅವನು ಹ್ಯಾಂಡಲನ್ನು ಬಲವಾಗಿ ತಿರುಚಿದ. ಮೈಭಾರ ಹಾಕಿ ಒತ್ತಿದ. ಕದಲಲಿಲ್ಲ.

"ಮೊದ್ಲು ನಾನು ಹತ್ತೀನಿ," ಎಂದ.

"ನಿಮ್ಮ ಸೊಂಟ?"

"ಬಿದ್ರೆ ಈ ಸಲ ನಾನು ಬೀಳಲಿ."

ಅವಳು ತಡೆಯಲಿಲ್ಲ. ಅವನು ಓಣಿಯ ತುದಿಯವರೆಗೆ ಹೋದ. ದೂಳಿನಲ್ಲಿ ನಿಧಾನ ತಿರುಗಿದ. ಎರಡು ಸಲ ಬ್ರೇಕ್ ಒತ್ತಿ, ಬಂದು ಇಳಿದ. ಮುಖದಲ್ಲಿ ರಕ್ತವಿರಲಿಲ್ಲ. ಅವಳ ಹೆಗಲು ಹಿಡಿದು ಮಂಚ ಸೇರಿ, ಎರಡು ದಿನ ಏಳಲಿಲ್ಲ. ಅವಳೇ ಎಣ್ಣೆ ತಿಕ್ಕಿದಳು. ಬಯ್ಯುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಮಣಿಕಟ್ಟು ನೆಟ್ಟಗಾದ ಮೇಲೆ ಬಿಕಾಜಾನ್ ಮತ್ತೆ ಸೈಕಲ್ ಹತ್ತಿದಳು. ಕತ್ತಿನ ನೋವು ಇಳಿಯಿತು, ಜೋಮು ಅರ್ಧಕ್ಕರ್ಧ ಹೋಯಿತು. ದಾರಿ ಮಾತ್ರ ಅಷ್ಟೇ ಉದ್ದ, ರೋಗಿಗಳೂ ಅಷ್ಟೇ. ಸಂಜೆ ಬಂದವಳು ಮಂಚದ ಅಂಚಿಗೆ ಕೂತು ಚಪ್ಪಲಿಯನ್ನೂ ಬಿಚ್ಚದೆ ಗಂಡನ ಪಕ್ಕ ಒರಗುತ್ತಿದ್ದಳು. ಅವನು ಸ್ವಲ್ಪ ಸರಿದು ಜಾಗ ಬಿಡುತ್ತಿದ್ದ.