ಬಂಗಾರೆವ್ವನ ಮಾತು

ಬಂಗಾರೆವ್ವನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಗಂಡ ಸಿದ್ಧಾರೂಢನಿಗೂ ಅಷ್ಟೇ. ಹುಬ್ಬಳ್ಳಿಯ ಕಿವುಡರ ಶಾಲೆಯಲ್ಲಿ ಪರಿಚಯವಾಗಿ, ಜಾತಿ ಮೀರಿ ಮದುವೆಯಾದವರು ಅವರು. ಮರುವರ್ಷವೇ ಅವಳ ತವರಿನವರು ಮನೆಗೆ ನುಗ್ಗಿ ಅವನನ್ನು ಕೊಂದರು. ಜಾಮೀನಿನ ಮೇಲೆ ಹೊರಬಂದು ಅವಳನ್ನೂ ಹುಡುಕತೊಡಗಿದರು. ನೆವಾರ್ಕಿನಲ್ಲಿದ್ದ ನಾದಿನಿ ಕಾವ್ಯಾ ಅತ್ತಿಗೆಯನ್ನು ತನ್ನಲ್ಲಿಗೆ ಕರೆಸಿಕೊಂಡು, ಅಮೆರಿಕದಲ್ಲಿ ಆಶ್ರಯಕ್ಕೆ ಅರ್ಜಿ ಹಾಕಿಸಿದಳು.

ಅಣ್ಣನ ಜೊತೆ ಬೆಳೆದ ಕಾವ್ಯಾಗೆ ಸನ್ನೆಭಾಷೆ ಕನ್ನಡದಷ್ಟೇ ಸಲೀಸು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ ಅತ್ತಿಗೆಗೆ ಅವಳೇ ಬಾಯಿ. ಅರ್ಜಿಯ ಸಂದರ್ಶನದಲ್ಲೂ ತಾನೇ ಎಂದುಕೊಂಡಿದ್ದಳು. ವಕೀಲೆ ನಿಸರ್ಗಾ ಒಪ್ಪಲಿಲ್ಲ.

"ನೀವು ಇಂಟರ್‌ಪ್ರೆಟ್ ಮಾಡೋಕಾಗಲ್ಲ ಕಾವ್ಯಾ. ಸತ್ತವರ ತಂಗಿ ನೀವು, ಕೇಸಲ್ಲಿ ಸಾಕ್ಷಿ. ಅದೂ ಅಲ್ಲದೆ, ನೀವು ರೂಮಲ್ಲಿದ್ರೆ ನಿಮ್ಮ ಅತ್ತಿಗೆ ಆ ದಿನದ್ದು ಹೇಳ್ತಾ ಹೇಳ್ತಾ ಒಂದು ಕಡೆ ಕೈ ನಿಲ್ಲಿಸಿಬಿಡ್ತಾರೆ. ನೋಡಿದೀರಾ?"

"ಅಕಿ ಮಾತು ನನಗಿಂತ ಚೊಲೋ ಯಾರಿಗ್ರೀ ತಿಳೀತದ?" ಕಾವ್ಯಾಗೆ ಸಿಟ್ಟೇ ಬಂತು.

ಅಮೆರಿಕದ ಸನ್ನೆ ಬೇರೆ, ನಮ್ಮ ಕಡೆಯದು ಬೇರೆ. ಎರಡೂ ಬಲ್ಲವರನ್ನು ನಿಸರ್ಗಾ ಎಲ್ಲೆಲ್ಲೋ ವಿಚಾರಿಸಿ, ಕೊನೆಗೆ ಪಕ್ಕದ ಊರು ಫ್ರೀಮಾಂಟಿನಲ್ಲೇ ಭದ್ರಮ್ಮನನ್ನು ಪತ್ತೆ ಹಚ್ಚಿದಳು. ಹಾಸನದ ಹೆಂಗಸು, ತಾನೂ ಕಿವುಡಿ, ಮೊಮ್ಮಕ್ಕಳನ್ನು ಕಂಡವಳು. ಶನಿವಾರ ಅಪಾರ್ಟ್‌ಮೆಂಟಿಗೆ ಬಂದು, ರೊಟ್ಟಿ ತಿಂದು, ಬಂಗಾರೆವ್ವನನ್ನು ಎದುರಿಗೆ ಕೂರಿಸಿಕೊಂಡಳು. ಕೆಲವು ಸನ್ನೆ ಹೊಂದಲಿಲ್ಲ. ಹುಬ್ಬಳ್ಳಿಯ 'ಅತ್ತೆ'ಗೂ ಹಾಸನದ 'ಅತ್ತೆ'ಗೂ ವ್ಯತ್ಯಾಸವಿತ್ತು. ಇಬ್ಬರೂ ನಕ್ಕರು. ಅತ್ತಿಗೆ ನಕ್ಕದ್ದನ್ನು ಕಾವ್ಯಾ ಆ ಮನೆಯಲ್ಲಿ ಅಂದೇ ಮೊದಲು ನೋಡಿದ್ದು.

ಸಂದರ್ಶನದ ದಿನ ಕಾವ್ಯಾ ಹೊರಗೆ ಕಾದು ಕುಳಿತಳು. ಒಳಗೆ ಬಂಗಾರೆವ್ವ ಹೇಳಿದ್ದನ್ನು ಭದ್ರಮ್ಮ ಅಮೆರಿಕದ ಸನ್ನೆಗೆ ತರುತ್ತಿದ್ದಳು. ಅದನ್ನು ಕಚೇರಿಯ ದುಭಾಷಿ ಇಂಗ್ಲಿಷಿಗೆ ತರುತ್ತಿದ್ದ. ಕಿಟಕಿಯ ಬೆಳಕು ಬಂಗಾರೆವ್ವನ ಕಣ್ಣಿಗೆ ಹೊಡೆಯುತ್ತಿರುವುದನ್ನು ಕಂಡ ಅಧಿಕಾರಿಣಿ ತಾನೇ ಎದ್ದು ಪರದೆ ಎಳೆದಳು. ಬಂಗಾರೆವ್ವ ನಡುವೆ ಕಣ್ಣೊರೆಸಿಕೊಂಡಾಗ ಪ್ರಶ್ನೆ ನಿಲ್ಲಿಸಿ, ನೀರು ತರಿಸಿ, ಅವಸರವಿಲ್ಲ ಎಂದಳು.

ಹೊರಬಂದಾಗ ಬಂಗಾರೆವ್ವನ ಕಣ್ಣು ಊದಿತ್ತು. ಆದರೆ ಎಷ್ಟೋ ತಿಂಗಳಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲಾಗಿತ್ತು. ಅವಳು ಕಾವ್ಯಾಳ ಪಕ್ಕ ಕುಳಿತು, ಯಾರೂ ಕೇಳದೆಯೇ ಸನ್ನೆಯಲ್ಲಿ ಹೇಳತೊಡಗಿದಳು.

"ಅವತ್ತು ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಬಾಗಿಲು ಮುರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ತಿರುಗಿದರೆ ಅವನನ್ನು ಹಿಡಿದುಬಿಟ್ಟಿದ್ದರು. ಒಂದು ಕೈ ಬಿಡಿಸಿಕೊಂಡು 'ಓಡು' ಅಂದ. ಆಮೇಲೆ ನಿನ್ನ ಹೆಸರು ಹೇಳಿದ. ನಾನು ಓಡಿದೆ ಕಾವ್ಯಾ. ಅವನನ್ನು ಬಿಟ್ಟು ಓಡಿದೆ. ನಿನಗೆ ಹೇಗೆ ಹೇಳಲಿ?"

ಕಾವ್ಯಾಗೆ ಅಣ್ಣ ಇಟ್ಟ ಹೆಸರು ಬಾಯಲ್ಲಿ ಹೇಳುವಂಥದಲ್ಲ. ಗದ್ದದ ಗುಳಿಗೆ ತೋರುಬೆರಳು ಒತ್ತುವುದು, ಅಷ್ಟೇ. ಬಂಗಾರೆವ್ವ ಅವನು ಮಾಡಿದಂತೆಯೇ ಅವಸರದಲ್ಲಿ ಒತ್ತಿ ತೋರಿಸಿದಳು.

ಅಣ್ಣನ ಕೊನೆಯ ಗಳಿಗೆ ಹೇಗಿತ್ತೋ ಎಂದು ಕಾವ್ಯಾ ನಿದ್ದೆಗೆಟ್ಟಿದ್ದಳು. ಆ ಗಳಿಗೆಯಲ್ಲಿ ಅವನು ತನ್ನನ್ನು ನೆನೆದಿದ್ದ, ನಂಬಿ ಹೆಂಡತಿಯನ್ನು ಕಳಿಸಿದ್ದ.

"ನೀ ಓಡಿ ಬಂದಿದ್ದು ಭಾಳ ಚೊಲೋ ಆತು ಅತ್ತಿಗಿ," ಎಂದು ಬಾಯಲ್ಲೇ ಹೇಳಿಬಿಟ್ಟಳು. ಆಮೇಲೆ ನೆನಪಾಗಿ, ಕಣ್ಣೊರೆಸಿಕೊಂಡು, ಕೈಯಲ್ಲಿ ಹೇಳಿದಳು.

ಆಶ್ರಯ ಮಂಜೂರಾದ ಸುದ್ದಿ ಬಂದದ್ದು ಕೆಲವು ತಿಂಗಳ ನಂತರ. ನಿಸರ್ಗಾಳಿಗೆ ಫೋನು ಮಾಡಿ, ಇಬ್ಬರೂ ನೇರ ಫ್ರೀಮಾಂಟಿಗೆ ಹೋದರು. ಬಾಗಿಲು ತೆರೆದ ಭದ್ರಮ್ಮನ ಕಾಲಿಗೆ ಬಂಗಾರೆವ್ವ ಬಿದ್ದಳು. ಭದ್ರಮ್ಮ ರಟ್ಟೆ ಹಿಡಿದು ಎಬ್ಬಿಸಿ ಗದರಿದಳು:

"ಕಾಲಿಗೆ ಬಿದ್ದರೆ ನಿನ್ನ ಕೈ ನನಗೆ ಕಾಣುವುದಿಲ್ಲ. ಎದ್ದು ನಿಂತು ಹೇಳು!"

ಬಂಗಾರೆವ್ವ ಎದ್ದು ನಿಂತಳು. ಹೊಸಿಲಲ್ಲೇ ನಿಂತು ತುಂಬ ಹೊತ್ತು ಹೇಳಿದಳು. ಕಾವ್ಯಾ ಪಕ್ಕಕ್ಕೆ ಸರಿದು ನೋಡುತ್ತಿದ್ದಳು.