ಮಂಜಿಷ್ಠದ ಕೆಂಪಿಗೆ ನಲವತ್ತೊಂದು ಉಲ್ಲೇಖ

ಜಯಪ್ರಿಯಾ ಲ್ಯಾಪ್‌ಟಾಪನ್ನು ಅಮ್ಮನ ಕಡೆ ತಿರುಗಿಸಿದಳು. ಕಾಳಿಯಮ್ಮ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಇಣುಕಿದಳು.

"ನಲವತ್ತೊಂದು ಅಂತ ಐತಲ್ಲ, ಏನದು?"

"ಮಂಜಿಷ್ಠದ ಬೇರಿನ ಬಣ್ಣದ ಮೇಲೆ ನಾನು ಬರೆದಿದ್ನಲ್ಲಮ್ಮ, ಅದನ್ನ ನಲವತ್ತೊಂದು ಕಡೆ ಬೇರೆ ಸೈಂಟಿಸ್ಟುಗಳು ಎತ್ತಿ ಹೇಳವ್ರೆ."

"ಒಳ್ಳೇದು ಅಂತ ಏಳವ್ರಾ?"

ಜಯಪ್ರಿಯಾ ಪಾಠ ಹೇಳುವ ಶಂಕಗಿರಿಯ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಈ ವರ್ಷ ಆಡಳಿತ ಮಂಡಳಿಗೆ ಅಂಕಿಸಂಖ್ಯೆಯ ಹುಚ್ಚು ಹಿಡಿದಿತ್ತು. ಯಾರು ಎಷ್ಟು ಬರೆದರು, ಯಾರ ಜೊತೆ ಬರೆದರು, ಎಷ್ಟು ಜನ ಉಲ್ಲೇಖಿಸಿದರು ಎಂದು ಲೈಬ್ರೇರಿಯನ್ ಅರುಣಾಚಲಂ ಎಲ್ಲರ ಜಾತಕ ತೆಗೆದಿದ್ದರು. ರಸಾಯನಶಾಸ್ತ್ರದ ಜಯಪ್ರಿಯಾಳೇ ಮೊದಲು. ಬುಧವಾರ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದರೆ ಅವಳು ಸಂಶೋಧನಾ ಗೈಡ್ ಆಗುತ್ತಾಳೆ. ಅದಕ್ಕಾಗಿಯೇ ಕಾದು, ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದುಕೊಂಡಿರುವ ತಮಿಳ್‌ಸೆಲ್ವಿ ಅವಳ ಕೈಕೆಳಗೆ ಪಿಎಚ್.ಡಿ.ಗೆ ಸೇರಬಹುದು.

ಅಮ್ಮನಿಗೆ ಉತ್ತರ ಹೇಳಬೇಕಲ್ಲ ಎಂದು ಜಯಪ್ರಿಯಾ ಒಂದೊಂದೇ ಲೇಖನ ತೆರೆದಳು. ಅಲ್ಲಿಯವರೆಗೆ ಅವಳು ಎಣಿಸಿದ್ದಳೇ ಹೊರತು ಓದಿರಲಿಲ್ಲ. ಮೊದಲನೆಯವರು, ಜಯಪ್ರಿಯಾ ಹೇಳಿದ ಕೆಂಪು ನಮಗೆ ಬರಲಿಲ್ಲ ಎಂದಿದ್ದರು. ಎರಡನೆಯವರಿಗೂ ಬಂದಿರಲಿಲ್ಲ. ಗುವಾಹಟಿಯ ಮಾಲತಿ ಎಂಬಾಕೆ ಮತ್ತೆ ಮತ್ತೆ ಬೇಯಿಸಿ, ಪ್ರತಿ ಸಲವೂ ಕಂದು ಬಣ್ಣ ಬಂತೆಂದು ಫೋಟೋ ಸಮೇತ ಹಾಕಿದ್ದರು. ಉಳಿದವರಲ್ಲಿ ಹೆಚ್ಚಿನವರು ಇದನ್ನೇ ಇನ್ನೂ ಮರ್ಯಾದೆಯಿಂದ ಹೇಳಿದ್ದರು. ಜಯಪ್ರಿಯಾಳ ಕಿವಿ ಬಿಸಿಯಾಯಿತು. ಆ ಕೆಂಪನ್ನು ಅವಳು ಕಣ್ಣಾರೆ ಕಂಡಿದ್ದಳು, ಇದೇ ಎಡಪ್ಪಾಡಿಯ ಮನೆಯ ಹಿತ್ತಲಲ್ಲಿ.

ಅರುಣಾಚಲಂಗೆ ಫೋನು ಮಾಡಿದಳು. ಅವರು ನಕ್ಕರು. "ಬೈದ್ರೂ ಉಲ್ಲೇಖನೇ, ಹೊಗಳಿದ್ರೂ ಉಲ್ಲೇಖನೇ ಮೇಡಂ. ಎಣಿಸೋ ಮಿಷನ್‌ಗೆ ಏನ್ ತಿಳೀತೈತೆ? ಸುಮ್ನೆ ಇದ್ದುಬಿಡಿ."

ಸುಮ್ಮನಿರುವುದು ಅವಳ ಜಾಯಮಾನವಲ್ಲ. ಗ್ರಂಧಿಗೆ ಅಂಗಡಿಯಿಂದ ಮಂಜಿಷ್ಠದ ಬೇರು ತಂದಳು, ನೂಲನ್ನು ಪಟಿಕದ ನೀರಲ್ಲಿ ನೆನೆಸಿದಳು, ಅಡುಗೆಮನೆಯ ನಲ್ಲಿಯಿಂದ ಪಾತ್ರೆ ತುಂಬಿ ಒಲೆಗಿಟ್ಟಳು. ಸಂಜೆಗೆ ನೂಲು ಹೊರಬಂದಾಗ ಹಳಸಿದ ಟೀಯ ಬಣ್ಣ. ಮಾಲತಿಯ ಫೋಟೋದಲ್ಲಿದ್ದ ಕಂದು ಅದೇ.

ಅವಳು ಪಾತ್ರೆ ಚೆಲ್ಲಿ ಮತ್ತೆ ನಲ್ಲಿಗೆ ಹಿಡಿದಾಗ ಕಾಳಿಯಮ್ಮ ಗದರಿದಳು. "ಕುಡಿಯೋ ಕಾವೇರಿ ನೀರು ಯಾಕ್ಲೇ ಆಳ್ ಮಾಡ್ತೀಯ? ನಾಳೆ ಪೈಪಲ್ಲಿ ಬರ್ತೈತೋ ಇಲ್ವೋ. ಬಾವೀಲಿ ಉಪ್ಪುನೀರು ಬೇಕಾದಷ್ಟು ಐತೆ, ಓಗು."

ಜಯಪ್ರಿಯಾ ಪಾತ್ರೆ ಹಿಡಿದು ನಿಂತೇಬಿಟ್ಟಳು. ನೇಕಾರರ ಮನೆಯಲ್ಲಿ ಪೈಪಿನ ನೀರು ಗಂಟಲಿಗೆ, ಬಾವಿಯ ನೀರು ನೂಲಿಗೆ. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕಾಲೇಜಿನಲ್ಲಿ ದೊಡ್ಡ ಪಾತ್ರೆ ಇಲ್ಲವೆಂದು ಅಂದು ಇಲ್ಲೇ, ಬಾವಿ ನೀರಲ್ಲೇ ಬೇಯಿಸಿದ್ದಳು. ಲೇಖನದಲ್ಲಿ ಬೇರಿನ ತೂಕ, ಬಿಸಿ, ಹೊತ್ತು ಎಲ್ಲವನ್ನೂ ಬರೆದು, ಕೊನೆಗೆ ಬರೀ "ನೀರು" ಎಂದಿದ್ದಳು.

ಬಾವಿ ನೀರಲ್ಲಿ ಕೆಂಪು ಬಂತು. ಅವಳಿಗೆ ಸಂತೋಷವಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಇಷ್ಟು ಜನ ಇಷ್ಟು ವರ್ಷ ತನ್ನ ಮಾತು ನಂಬಿ ಬೇರು ಬೇಯಿಸಿದ್ದರಲ್ಲ.

"ಪತ್ರಿಕೆಗೆ ತಿದ್ದುಪಡಿ ಕಳಿಸಿದ್ರೆ ಈ ಸಲ ಆ ಪೇಪರ್ ಲೆಕ್ಕಕ್ಕೆ ಬರಲ್ಲ ಮೇಡಂ, ರೂಲ್ ಐತೆ," ಎಂದರು ಅರುಣಾಚಲಂ ಮರುದಿನ. "ಗೈಡ್ ಆರ್ಡರ್ ಬರ್ಲಿ, ಆಮೇಲೆ ಕಳ್ಸಿ."

"ಅಲ್ಲೀವರ್ಗೂ ಅವ್ರೆಲ್ಲ ಬೇಯಿಸ್ತಾ ಇರ್ಬೇಕಾ ಸಾರ್?" ಎಂದಳು. ಅವರ ಎದುರಲ್ಲೇ ತಿದ್ದುಪಡಿ ಕಳಿಸಿಬಿಟ್ಟಳು. ಪಟ್ಟಿಯಿಂದ ಅವಳ ಹೆಸರು ಹೋಯಿತು.

ತಮಿಳ್‌ಸೆಲ್ವಿಗೆ ಹೇಳುವುದೇ ಕಷ್ಟವಾಯಿತು. ಆ ಹುಡುಗಿ ಕಣ್ಣು ಒರೆಸಿಕೊಂಡು, "ಇನ್ನೊಂದು ವರ್ಷನಾ ಮೇಡಂ?" ಎಂದಳು. ಆಮೇಲೆ ಕೆಂಪು ನೂಲನ್ನು ಬೆಳಕಿಗೆ ಹಿಡಿದಳು. "ಆ ನೀರಲ್ಲಿ ಅಂಥಾದ್ದು ಏನೈತೆ?"

"ಸುಣ್ಣ ಇರ್ಬೋದು. ನೋಡೋಣ."

ವಾರದ ಕೊನೆಗೆ ಜಯಪ್ರಿಯಾ ಎರಡು ಕ್ಯಾನು ಹೊತ್ತು ಶಂಕಗಿರಿಯ ಲಾರಿ ಬುಕಿಂಗ್ ಆಫೀಸಿಗೆ ಹೋದಳು. ಗುಮಾಸ್ತ ಗೋವಿಂದರಾಜ್ ವಿಳಾಸ ನೋಡಿದ.

"ಗುವಾಹಟಿ, ಮಾಲತಿ. ಒಳಗೆ ಏನೈತೆ ಮೇಡಂ?"

"ನೀರು."

"ನಮ್ ಲಾರಿ ಬ್ರಹ್ಮಪುತ್ರ ನೋಡ್ಕೊಂಡು ಬರ್ತವೆ. ಆ ಊರಿಗೆ ನೀರಾ?" ಅವನು ಕ್ಯಾನನ್ನು ಅಲ್ಲಾಡಿಸಿ ನೋಡಿದ. "ಸರಿ. ಬೆಲೆ ಎಷ್ಟು ಅಂತ ಹಾಕ್ಲಿ?"

"ಸೊನ್ನೆ ಹಾಕಿ," ಎಂದಳು ಜಯಪ್ರಿಯಾ, ಮುಚ್ಚಳವನ್ನು ಇನ್ನೊಮ್ಮೆ ಬಿಗಿಯುತ್ತ. "ಚೆಲ್ಲದಂಗೆ ಇಡಿ."