ಬಲಗಡೆ ಜೇಬಿನ ಕೋಟು

ನನಗೆ ಒಂದು ಕಡೆ ಕೂತ್ಕೊಳ್ಳಕ್ಕೆ ಆಗಲ್ಲ. ಅದರ ಮೇಲೆ ಹಳೇ ಕೋಟುಗಳ ಹುಚ್ಚು ಬೇರೆ. ಚಾಮರಾಜಪೇಟೆಯ ನಮ್ಮ ಮನೇಲಿ ಎರಡು ಬೀರು ತುಂಬ ಅವೇ: ಮಹಾರಾಜರ ಕಾಲದ ಗುಮಾಸ್ತರ ಕೋಟು, ಮೇಷ್ಟ್ರ ಕೋಟು, ಕತ್ತಿನವರೆಗೂ ಗುಂಡಿ ಇರೋ ಮದುಮಗನ ಕೋಟು. ಗುಂಡಿ ಮೂಳೆಯದೋ ಪ್ಲಾಸ್ಟಿಕ್ಕೋ, ಕಾಜಾ ಕೈಯಲ್ಲಿ ಹೊಲಿದಿದ್ದೋ ಮಿಷನ್ನಿನದೋ ನೋಡಿ, ಇಂಥ ಕಾಲದ್ದು ಅಂತ ಹೇಳ್ತೀನಿ. ಯಾರಾದ್ರೂ ಕರೆದ್ರೆ ಸಾಕು, ಅಂಗಡಿ ಬಿಟ್ಟು ಓಡ್ತೀನಿ. ಹೆಂಡತಿ ಶಿವಕುಮಾರಿ ಬೈತಾಳೆ. ಬೈಲಿ.

ಆವತ್ತು ಡಿಸೆಂಬರ್ ಚಳಿ. ಬಸವನಗುಡಿಯಿಂದ ಅಭಿರಾಮ ಅನ್ನೋ ಹುಡುಗ ಫೋನ್ ಮಾಡಿ, "ನಮ್ಮಜ್ಜಿ ಹತ್ರ ಒಂದು ಕೋಟಿದೆ ಸಾರ್, ಬಂದು ನೋಡ್ತೀರಾ?" ಅಂದ. ಹೊಸ ಜಾಕೆಟ್ ಏರಿಸ್ಕೊಂಡು ಸ್ಕೂಟರಲ್ಲಿ ಹೊರಟೆ.

ಅಜ್ಜಿ ಹೆಸರು ಚೂಡಾಮಣಿ. ಎಂಬತ್ತು ದಾಟಿದ ಸಣ್ಣ ಜೀವ, ದನಿ ಮಾತ್ರ ಗಟ್ಟಿ. ಕೋಟನ್ನ ಮಗೂನ ಎತ್ಕೊಂಡು ಬರೋ ಹಾಗೆ ಎರಡೂ ಕೈಯಲ್ಲಿ ತಂದ್ರು.

"ನಮ್ಮಪ್ಪ ಹೋದಾಗ ನಾನಿನ್ನೂ ಹಾಲು ಕುಡಿಯೋ ಕೂಸು. ಒಂದು ಫೋಟೋನೂ ಇಲ್ಲ ಕಣಪ್ಪ. ಸೋದರತ್ತೆ ಸಾಯೋ ಮುಂಚೆ ಇದನ್ನ ಕೊಟ್ಟು, ನಿಮ್ಮಪ್ಪನ ಮದುವೆ ಕೋಟು ಕಣೇ ಅಂದ್ರು. ಅವರಿಗೆ ಆಗ ಅರಳುಮರಳು. ನಿಜಾನೋ ಸುಳ್ಳೋ ಗೊತ್ತಾಗ್ದೇ ಇಷ್ಟು ವರ್ಷ ದಿಂಬಿನ ಪಕ್ಕ ಇಟ್ಕೊಂಡು ಮಲಗಿದೀನಿ. ಸಾಯೋದ್ರೊಳಗೆ ಒಂದು ಸಲ ಗೊತ್ತಾಗ್ಬೇಕು. ನೀನು ಹೇಳ್ಬಿಡು."

ನಾನು ಆಗಲೇ ಕೋಟು ಬಿಡಿಸಿ ಫೋಟೋ ಹೊಡೀತಿದ್ದೆ. ಮೂಳೆ ಗುಂಡಿ. ನೂರು ವರ್ಷದ ಬಟ್ಟೆ. ಆಹಾ!

"ನಮ್ಮಮ್ಮ ಹೇಳೋರು, ಮದುವೆ ದಿವಸ ಅಪ್ಪ ಕೋಟಿನ ಗುಂಡಿ..." ಅಂತ ಅಜ್ಜಿ ಶುರು ಮಾಡಿದ್ರು.

ಪೂರ್ತಿ ಕೇಳೋ ತಾಳ್ಮೆ ನನಗೆಲ್ಲಿ? "ಗುಂಡೀನೇ ನಾನೂ ನೋಡ್ತಿರೋದು ಅಮ್ಮ. ಗಂಡಸರ ಕೋಟಿಗೆ ಗುಂಡಿ ಬಲಗಡೆ ಇರತ್ತೆ. ಇದಕ್ಕೆ ಎಡಗಡೆ ಇದೆ. ಇದು ಯಾರೋ ಹೆಂಗಸಿನ ಕೋಟು. ನಿಮ್ಮಪ್ಪಂದಲ್ಲ."

ಅಜ್ಜಿ ಕೋಟು ಮಡಿಸಿದ್ರು. "ಹೌದಾ. ಕಾಫಿ ಕುಡ್ಕೊಂಡು ಹೋಗಪ್ಪ," ಅಂದ್ರು.

ಕಾಫಿ ಅರ್ಧಕ್ಕೇ ಬಿಟ್ಟು ಹೊರಟೆ. ಗಾಂಧಿ ಬಜಾರಿಗೆ ಬಂದು ದೋಸೆ ಹೇಳಿದೆ, ಅದೂ ಸೇರ್ಲಿಲ್ಲ. ಏನೋ ಕೊರೀತಿತ್ತು. ಎದ್ದೆ, ಕೂತೆ, ಮತ್ತೆ ಎದ್ದು ಫೋನ್ ತೆಗೆದು ಫೋಟೋ ದೊಡ್ಡದು ಮಾಡಿದೆ. ಎದೆ ಜೇಬು ಬಲಗಡೆ ಇದೆ! ಗಂಡಸಿಗಾಗ್ಲಿ ಹೆಂಗಸಿಗಾಗ್ಲಿ ಎದೆ ಜೇಬನ್ನ ಬಲಗಡೆ ಯಾರು ಹೊಲೀತಾರೆ? ಇನ್ನೊಂದು ಫೋಟೋ ನೋಡಿದೆ. ಬಿಸಿಲಿಗೆ ಬಣ್ಣ ಮಾಸಿರೋದು ಒಳಗಡೆ, ಹೊರಗಡೆ ಕಪ್ಪಗೇ ಇದೆ.

ಅಯ್ಯೋ ಶಿವನೇ! ಹಿಂದಿನ ಕಾಲದಲ್ಲಿ ಕೋಟು ಹಳೇದಾದ್ರೆ ದರ್ಜಿ ಹೊಲಿಗೆಯೆಲ್ಲ ಬಿಚ್ಚಿ, ಒಳಮೈಯನ್ನ ಹೊರಗೆ ಮಾಡಿ ಮತ್ತೆ ಹೊಲೀತಿದ್ದ. ಆಗ ಎಡಗಡೆ ಇದ್ದದ್ದು ಬಲಕ್ಕೆ ಬರತ್ತೆ, ಗುಂಡಿ, ಜೇಬು ಎಲ್ಲಾ. ಇಷ್ಟು ಗೊತ್ತಿದ್ದೂ ದುಡುಕಿದ್ನಲ್ಲ! ಬಿಲ್ ಕೊಟ್ಟವನೇ ಓಡಿದೆ.

ಗೇಟಿನ ಹತ್ರ ಅಭಿರಾಮ ಸಪ್ಪೆ ಮುಖ ಮಾಡ್ಕೊಂಡು ನಿಂತಿದ್ದ. "ಪಾತ್ರೆ ಬೈರಮ್ಮ ಬಂದಿದ್ಲು ಸಾರ್. ಯಾರದ್ದೋ ಕೋಟು ನನಗ್ಯಾಕೆ ಅಂತ ಅಜ್ಜಿ ಹಾಕ್ಬಿಟ್ರು. ಒಂದು ಸ್ಟೀಲ್ ಡಬರಿ ಬಂತು."

ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡೋಳು. ಬಟ್ಟೆ ಅವಳ ಗಂಟು ಸೇರಿದ್ರೆ ಸಂಜೆಯೊಳಗೆ ಯಾವ ಮಾರ್ಕೆಟ್ಟಿಗೆ ಹೋಗತ್ತೋ ದೇವರೇ ಬಲ್ಲ. ಸ್ಕೂಟರ್ ಹತ್ತಿ ಸಿಕ್ಕ ಸಿಕ್ಕ ಕ್ರಾಸಿಗೆಲ್ಲ ನುಗ್ಗಿದೆ. ಹೂವಿನೋಳನ್ನ ಕೇಳಿದೆ, ಇಸ್ತ್ರಿಯವನನ್ನ ಕೇಳಿದೆ. ಒಬ್ಬ ಆ ಕಡೆ ಅಂದ, ಇನ್ನೊಬ್ಬ ಈ ಕಡೆ ಅಂದ. ಕೊನೆಗೆ ಎನ್.ಆರ್. ಕಾಲೋನಿಯ ಒಂದು ಹೊಂಗೆ ಮರದ ಕೆಳಗೆ ಬುಟ್ಟಿ ಇಳಿಸಿ ಎಲೆಯಡಿಕೆ ಹಾಕ್ಕೊಳ್ತಾ ಕೂತಿದ್ಲು ಮಹಾತಾಯಿ.

"ಬೈರಮ್ಮ, ಆ ಕರೀ ಕೋಟು ಕೊಟ್ಬಿಡು!"

"ಚೆನ್ನಾಗಿ ಹೇಳಿದ್ರಿ! ಡಬರಿ ಕೊಟ್ಟಿಲ್ವಾ ನಾನು? ಬಟ್ಟೆಗೆ ಬಟ್ಟೆ ಹಾಕಿ, ತಗೊಂಡು ಹೋಗಿ."

ಹೊಸ ಜಾಕೆಟ್ ಬಿಚ್ಚಿ ಅವಳ ಗಂಟಿಗೆ ಹಾಕಿದೆ. ಅವಳು ಅದನ್ನ ತಿರುವಿ ಮುರುವಿ ನೋಡಿ, "ಜಿಪ್ಪು ಸರಿಯಾಗಿದೆ ತಾನೆ?" ಅಂತ ಬೇರೆ ಕೇಳಿದ್ಲು.

ಚಳಿಗೆ ಹಲ್ಲು ಕಟಕಟ ಅಂತಿದ್ರೂ ಕೋಟನ್ನ ಎದೆಗೆ ಅವಚ್ಕೊಂಡು ಬಂದೆ. ಅಜ್ಜಿ ಆ ಡಬರಿಯಲ್ಲಿ ಆಗಲೇ ಹೆಸರುಬೇಳೆ ನೆನೆಹಾಕಿದ್ರು. ನನ್ನ ಕಡೆ ತಿರುಗಲೇ ಇಲ್ಲ.

"ಅಮ್ಮ, ತಪ್ಪಾಯ್ತು. ಇದು ಗಂಡಸಿನ ಕೋಟೇ. ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದಿದಾರೆ, ಅದಕ್ಕೇ ಗುಂಡಿ ಅದಲುಬದಲು. ಆಗ ನೀವೇನೋ ಹೇಳಕ್ಕೆ ಬಂದ್ರಿ. ಈಗ ಹೇಳಿ, ಬಾಯಿ ಮುಚ್ಕೊಂಡು ಕೇಳ್ತೀನಿ."

ಅಜ್ಜಿ ಕೈ ಒರೆಸ್ಕೊಂಡ್ರು. "ಮದುವೆ ದಿವಸ ಅಪ್ಪ ಕೋಟಿನ ಗುಂಡಿ ಹಾಕ್ಕೊಳಕ್ಕೆ ಬರದೇ ತಡಕಾಡ್ತಿದ್ರಂತೆ. ಹೆಣ್ಣಿನ ಕಡೆಯೋರೆಲ್ಲ ನಕ್ಕುಬಿಟ್ರಂತೆ. ಅಷ್ಟೇ ನಮ್ಮಮ್ಮ ಹೇಳಿದ್ದು. ಅಪ್ಪ ಸ್ವಲ್ಪ ಪೆದ್ದು ಅಂದ್ಕೊಂಡಿದ್ದೆ."

"ಪೆದ್ದಲ್ಲ ಅಮ್ಮ. ಮದುವೆಗೆ ಮುಂಚೆನೇ ತಿರುಗಿಸಿ ಹೊಲಿದ ಇದೇ ಕೋಟು, ರೂಢಿ ಇಲ್ಲದ ಕಡೆ ಗುಂಡಿ. ಯಾರಾದ್ರೂ ತಡಕಾಡ್ತಾರೆ."

ಅಜ್ಜಿ ಕೋಟು ಇಸ್ಕೊಂಡು ಸೀರೆ ಮೇಲೆ ತೊಟ್ಟುಕೊಂಡ್ರು. ಭುಜ ಸರಿಯಾಗಿ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು.

"ಇಷ್ಟೇ ಇದ್ರಾ ನಮ್ಮಪ್ಪ?"

"ಇಷ್ಟೇ ಅಮ್ಮ."

"ನಮ್ಮ ಅಭಿರಾಮನಿಗಿಂತ ಚಿಕ್ಕೋನು. ಪಾಪ, ಅಷ್ಟು ಜನ ನಗ್ತಾ ಇದ್ರೆ ಎಷ್ಟು ನಾಚ್ಕೆ ಆಗಿರ್ಬೇಕೋ."

ಕೆಳಗಿನಿಂದ ಒಂದೊಂದೇ ಗುಂಡಿ ಹಾಕ್ತಾ ಬಂದ್ರು. ಕತ್ತಿನ ಗುಂಡಿಗೆ ಬಂದಾಗ ಕಾಜಾ ಸಿಗದೇ ತಡಕಾಡಿದ್ರು, ಅಭಿರಾಮ ಮುಂದೆ ಬಂದ. ಬೇಡ ಅಂತ ತಲೆ ಆಡಿಸಿ ತಾವೇ ಹಾಕಿದ್ರು. ಎದೆ ಮೇಲೆ ಕೈ ಸವರಿ, "ಆಯ್ತು ಬಿಡು ಮಗಾ, ನಾನು ಹಾಕ್ಕೊಟ್ಟೆ," ಅಂದ್ರು.

ಅದು ನನಗೆ ಹೇಳಿದ್ದಲ್ಲ, ಅಭಿರಾಮನಿಗೂ ಅಲ್ಲ.